ಹತ್ತು ಅಂಕಿಗಳ ಗ್ರಂಥಸಂಪಾದನೆ

ಕಳೆದ ವರ್ಷ ನಮ್ಮ ವಿಭಾಗದ ಐಚ್ಛಿಕ ಕನ್ನಡ ವಿದ್ಯಾರ್ಥಿಗಳು ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ನೇಕಾರರ ಬೀದಿಗಳಲ್ಲಿ ಕ್ಷೇತ್ರಕಾರ್ಯ ಮಾಡಿ ಬಂದರು. ಅವರೊಡನೆ ನಾನೂ ಇದ್ದೆ. ಸಿರುಮುಗೈ, ನೆಗಮಂ, ಉಡುಮಲೈಪೇಟೆಗಳ ಕಡೆ ದೇವಾಂಗರ ಮನೆಗಳಲ್ಲಿ ಕುಳಿತು ಮಗ್ಗ, ಲಾಳಿ, ಹಾಸು, ಹೊಕ್ಕುಗಳಿಗೆ ಸಂಬಂಧಿಸಿದ ಮಾತುಗಳನ್ನು ಧ್ವನಿಮುದ್ರಿಸಿಕೊಂಡೆವು. ಮರಳಿ ಬಂದು ಪದಪಟ್ಟಿಯನ್ನು ಸಿದ್ಧಪಡಿಸುವಾಗ ಒಂದು ಪದದ ಮೊದಲ ಸ್ವರ ಹ್ರಸ್ವವೋ ದೀರ್ಘವೋ ಎಂಬ ಸಂದೇಹ ಹುಟ್ಟಿತು. ಧ್ವನಿಮುದ್ರಣದಲ್ಲಿ ಸರಿಯಾಗಿ ಅದೇ ಕ್ಷಣಕ್ಕೆ ಮಗ್ಗದ ಸದ್ದು ಮೇಲೆದ್ದಿತ್ತು. ಪದವನ್ನು ಹೇಳಿದ ಹಿರಿಯರನ್ನೇ ಕೇಳೋಣವೆಂದು, ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿಕೊಂಡಿದ್ದ ಸಂಖ್ಯೆಗೆ ಕರೆ ಮಾಡಿದೆವು. ಕರೆ ಹೋಗಲಿಲ್ಲ. ಇನ್ನೊಬ್ಬ ವಕ್ತೃವಿನ ಸಂಖ್ಯೆಗೆ ಮಾಡಿದಾಗ ಯಾರೋ ಅಪರಿಚಿತರು ಹಿಂದಿಯಲ್ಲಿ ಮಾತನಾಡಿದರು. ಹುಡುಕುತ್ತ ಹೋದಂತೆ ಇಂಥ ಕೆಟ್ಟ ಸಂಖ್ಯೆಗಳು ಹಲವು ಕಂಡವು.

ಆ ಆ್ಯಪನ್ನು ರಚಿಸಿಕೊಟ್ಟವನು ನಮ್ಮ ಕಾಲೇಜಿನದೇ ಬಿ.ಸಿ.ಎ. ವಿದ್ಯಾರ್ಥಿ. ತಪ್ಪು ಅವನದಲ್ಲ. ‘ದೂರವಾಣಿ ಸಂಖ್ಯೆಯ ಚೌಕದಲ್ಲಿ ಹತ್ತೇ ಅಂಕಿಗಳು ಹಿಡಿಯಲಿ, ಹೆಚ್ಚು ಬರೆದರೆ ತೆಗೆದುಕೊಳ್ಳದಿರಲಿ’ ಎಂದು ಅವನಿಗೆ ಹೇಳಿದವನು ನಾನು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಗ್ರಂಥಸಂಪಾದನ ಶಾಸ್ತ್ರವನ್ನು ಬೋಧಿಸಿದವನು ಹಾಗೆ ಹೇಳಬಾರದಿತ್ತು. ಹೇಗೆಂಬುದನ್ನು ವಿವರಿಸುವುದಕ್ಕಾಗಿಯೇ ಈ ಪಾಠ.

ಮೊದಲು ಆ ಪ್ರದೇಶದ ಬಗ್ಗೆ ಒಂದೆರಡು ಮಾತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು; ನನ್ನ ಬೆಳಗಾವಿ ಆಗ ಮುಂಬಯಿ ರಾಜ್ಯದಲ್ಲಿತ್ತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದುದು 2009ರಲ್ಲಿ. ಗೆರೆಗಳು ಸರಿದಾಡಿದರೂ ಅಲ್ಲಿನ ದೇವಾಂಗರ ಮನೆಮಾತು ಕನ್ನಡವಾಗಿಯೇ ಉಳಿದಿದೆ. ಆದರೆ ಓದುಬರಹ ತಮಿಳಿನಲ್ಲಿ. ನಾವು ಹೆಮ್ಮೆಯಿಂದ ಕನ್ನಡ ಲಿಪಿಯಲ್ಲಿ ಮಾಡಿಸಿಕೊಂಡು ಹೋಗಿದ್ದ ಆ್ಯಪನ್ನು ಅವರಲ್ಲಿ ಬಹುಮಂದಿ ಓದಲಾರರೆಂಬುದು ಮೊದಲ ಮನೆಯಲ್ಲಿಯೇ ತಿಳಿಯಿತು. ಅವರು ಕನ್ನಡದಲ್ಲಿ ಹೇಳಿದುದನ್ನು ನಮ್ಮ ವಿದ್ಯಾರ್ಥಿಗಳು ಒತ್ತಿಕೊಳ್ಳಬೇಕಾಯಿತು. ಎಂದರೆ ವಕ್ತೃ ಬೇರೆ, ಲಿಪಿಕಾರ ಬೇರೆ. ಹಸ್ತಪ್ರತಿಗಳ ತೊಡಕುಗಳೆಲ್ಲ ಆರಂಭವಾಗುವುದೇ ಈ ಅಂತರದಲ್ಲಿ.

ತಾಳೆಗರಿಯ ಬರವಣಿಗೆಯನ್ನು ನೆನಪಿಸಿಕೊಳ್ಳಿರಿ. ಅಲ್ಲಿ ಪದಗಳ ನಡುವೆ ತೆರಪಿಲ್ಲ. ಗರಿಯ ಈ ಅಂಚಿನಿಂದ ಆ ಅಂಚಿನವರೆಗೆ ಅಕ್ಷರಗಳು ಒಂದೇ ಸಾಲಾಗಿ ಹರಿಯುತ್ತವೆ. ಪದವಿಭಾಗ ಮಾಡಿ ಓದುವುದು ಓದುಗನ ಕೆಲಸ; ಮುದ್ರಿಸುವಾಗ ಸಂಪಾದಕನ ಕೆಲಸ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ನಿಮ್ಮ ಕೈಯಲ್ಲಿದೆ. ಪದ ಬಿಡಿಸುವುದು ಬೇರೆ, ಪಾಠವನ್ನು ತಿದ್ದುವುದು ಬೇರೆ ಎಂಬ ಎಚ್ಚರವನ್ನು ನಾವು ಕಲಿಯುವುದು ಆ ಶಾಸ್ತ್ರದಿಂದಲೇ. ದೂರವಾಣಿ ಸಂಖ್ಯೆಯೂ ಇಂಥದೇ ಒಂದು ಪಾಠ. ಜನ ಅದನ್ನು ಬರೆಯುವಾಗ ನಡುವೆ ತೆರಪು ಬಿಡುತ್ತಾರೆ, ಅಡ್ಡಗೆರೆ ಎಳೆಯುತ್ತಾರೆ, ಊರಿನ ಸಂಕೇತವನ್ನು ಕಂಸದಲ್ಲಿಡುತ್ತಾರೆ. ಇವೆಲ್ಲ ಓದುವ ಅನುಕೂಲಕ್ಕೆ. ಕರೆ ತಲಪುವುದು ಅಂಕಿಗಳಿಂದ ಮಾತ್ರ. ಆದ್ದರಿಂದ ಆ್ಯಪ್ ತನ್ನೊಳಗೆ ಕಾಯ್ದಿಟ್ಟುಕೊಳ್ಳಬೇಕಾದುದು ಅಂಕಿಗಳ ಸಾಲನ್ನು. ತೆರೆಯ ಮೇಲೆ ತೋರಿಸುವಾಗ ಮಾತ್ರ ಅದನ್ನು ಬಿಡಿಸಿ ತೋರಿಸಬೇಕು.

ಸಾಲು ಎಂದೆ. ದೂರವಾಣಿ ಸಂಖ್ಯೆ ನಿಜವಾಗಿ ಸಂಖ್ಯೆಯೇ ಅಲ್ಲ. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದು ಅಂಕಿಗಳಿಂದ ಬರೆದ ಒಂದು ಹೆಸರು. ಗಣಿತದ ಸಂಖ್ಯೆಯಲ್ಲಿ ಮೊದಲ ಸೊನ್ನೆಗೆ ಬೆಲೆಯಿಲ್ಲ, ಇಲ್ಲಿ ಇದೆ. ನಮ್ಮ ದತ್ತಾಂಶವನ್ನು ಎಕ್ಸೆಲ್ ಹಾಳೆಗೆ ತಂದಾಗ ಮುಂದಿನ ಸೊನ್ನೆಗಳು ಮಾಯವಾದುದನ್ನೂ, ಹನ್ನೆರಡು ಅಂಕಿಯ ನಮೂದುಗಳು ಬಿಂದು ಹಾಕಿದ ವಿಚಿತ್ರ ರೂಪ ತಾಳಿದುದನ್ನೂ ನೀವೇ ಕಂಡಿರಿ. ಹೆಸರನ್ನು ಸಂಖ್ಯೆಯೆಂದು ಭಾವಿಸಿದ ಫಲ ಅದು.

ಇನ್ನು ಬಿಡಿಸುವ ಕ್ರಮ. ಭಾರತದಲ್ಲಿ ಮೊಬೈಲ್ ಸಂಖ್ಯೆಗೆ ಹತ್ತು ಅಂಕಿಗಳು. ಮೊದಲನೆಯದು 6, 7, 8, 9 ಇವುಗಳಲ್ಲಿ ಒಂದು. ಸ್ಥಿರ ದೂರವಾಣಿಗೂ, ಮುಂದಿನ ಸೊನ್ನೆಯನ್ನು ಬಿಟ್ಟರೆ, ಊರಿನ ಸಂಕೇತವೂ ಮನೆಯ ಸಂಖ್ಯೆಯೂ ಸೇರಿ ಹತ್ತೇ. ಆದರೆ ಒಡೆಯುವ ಸ್ಥಾನ ಊರಿನಿಂದ ಊರಿಗೆ ಬೇರೆ. ಕೊಯಮತ್ತೂರಿಗೆ 0422, ತಿರುಪ್ಪೂರಿಗೆ 0421; ಇವುಗಳ ಮುಂದೆ ಏಳು ಅಂಕಿಗಳು ಬರುತ್ತವೆ. ಪೊಳ್ಳಾಚಿಗೆ 04259, ಉಡುಮಲೈಪೇಟೆಗೆ 04252, ಮೇಟ್ಟುಪಾಳ್ಯಕ್ಕೆ 04254; ಇವುಗಳ ಮುಂದೆ ಆರೇ. ಬೆಂಗಳೂರಿನ 080ರ ಮುಂದೆ ಎಂಟು. ಛಂದಸ್ಸಿನ ವಿದ್ಯಾರ್ಥಿಗೆ ಇದು ಸುಲಭವಾಗಿ ಹಿಡಿಯಬೇಕು: ಪಾದದ ಒಟ್ಟು ಅಳತೆ ಒಂದೇ, ಯತಿ ಮಾತ್ರ ಬೇರೆಬೇರೆ. ಮೊಬೈಲ್ ಸಂಖ್ಯೆಯಲ್ಲಿ ಊರೆಂಬುದೇ ಇಲ್ಲವಾದ್ದರಿಂದ ಯತಿಗೆ ಅರ್ಥದ ಆಧಾರವಿಲ್ಲ. ಐದೈದಾಗಿ ಒಡೆಯುವುದು ಈಗ ವಾಡಿಕೆಯಾಗಿದೆ, ಅಷ್ಟೇ. ನಾಲ್ಕು-ಮೂರು-ಮೂರಾಗಿ ಬರೆಯುವವರಿದ್ದಾರೆ, ಎರಡೆರಡಾಗಿ ಹೇಳುವವರಿದ್ದಾರೆ. ನಮ್ಮ ಹಳಗನ್ನಡ ಕವಿಗಳು ಪ್ರಾಸವನ್ನು ಬಿಡದೆ ಯತಿಯನ್ನು ಮೀರಿದವರು. ಅವರ ವಂಶದವರಾದ ನಾವು ಮೊಬೈಲ್ ಸಂಖ್ಯೆಯ ಯತಿಭಂಗವನ್ನು ದೋಷವೆಂದು ಕೆಂಪಕ್ಷರದಲ್ಲಿ ತೋರಿಸಬೇಕಾಗಿಲ್ಲ. ಬಳಕೆದಾರ ಹೇಗೆ ಒಡೆದು ಬರೆದರೂ ಸ್ವೀಕರಿಸಿ, ನಮ್ಮ ವಾಡಿಕೆಯಂತೆ ತೋರಿಸಿದರೆ ಸಾಕು.

ನಾವು ಎಡವಿದ್ದು ಸೊನ್ನೆಯಲ್ಲಿ. ನೆಗಮಂ ಕಡೆಯ ಆ ಹಿರಿಯರು ಹೇಳಿದುದು ಮನೆಯ ಸ್ಥಿರ ದೂರವಾಣಿ. ಅವರು ಸೊನ್ನೆಯಿಂದಲೇ ಆರಂಭಿಸಿದರು. ಹೊರ ಊರಿನಿಂದ ಕರೆಯಬೇಕಾದವರು ಒತ್ತಬೇಕಾದುದು ಹಾಗೆಯೇ ಆದ್ದರಿಂದ ಅದು ಸರಿಯಾದುದೇ. ಐದು ಅಂಕಿಯ ಸಂಕೇತ, ಆರು ಅಂಕಿಯ ಮನೆಸಂಖ್ಯೆ, ಒಟ್ಟು ಹನ್ನೊಂದು. ನಮ್ಮ ಚೌಕ ಹತ್ತನ್ನು ಮಾತ್ರ ಹಿಡಿದುಕೊಂಡಿತು. ಹನ್ನೊಂದನೆಯದು ಒತ್ತಿದರೂ ಬೀಳಲಿಲ್ಲ. ಒತ್ತುತ್ತಿದ್ದ ವಿದ್ಯಾರ್ಥಿನಿ ಹಿರಿಯರ ಮುಖ ನೋಡುತ್ತಿದ್ದಳು, ತೆರೆಯನ್ನಲ್ಲ. ಮೊಬೈಲಿಗೂ ಸೊನ್ನೆ ತಪ್ಪಲ್ಲವೆಂಬುದನ್ನು ಗಮನಿಸಿರಿ: 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತುವುದು ಕಡ್ಡಾಯ. ಮನೆಯಲ್ಲಿ ಹಳೆಯ ದೂರವಾಣಿ ಇರುವವರು ಮಕ್ಕಳ ಮೊಬೈಲ್ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಸೊನ್ನೆ ಸೇರಿಸಿಯೇ ಬರೆದಿಟ್ಟಿರುತ್ತಾರೆ.

ಎರಡನೆಯ ಬಗೆಯ ತಪ್ಪು ಇದಕ್ಕಿಂತ ಅಪಾಯಕಾರಿ. ಸಿರುಮುಗೈಯ ಒಬ್ಬ ವಕ್ತೃವಿನ ಸಂಖ್ಯೆಯನ್ನು ನಮ್ಮ ವಿದ್ಯಾರ್ಥಿ ವಾಟ್ಸಾಪ್‌ನಿಂದ ನಕಲು ಮಾಡಿ ಚೌಕದಲ್ಲಿ ಅಂಟಿಸಿದ. ಅಲ್ಲಿ ಸಂಖ್ಯೆಯ ಮುಂದೆ +91 ಇರುತ್ತದೆ. ಚೌಕ ಕೂಡುಚಿಹ್ನೆಯನ್ನೂ ತೆರಪುಗಳನ್ನೂ ಕಿತ್ತೆಸೆಯಿತು. ಉಳಿದ ಹನ್ನೆರಡು ಅಂಕಿಗಳಲ್ಲಿ ಮೊದಲ ಹತ್ತನ್ನು ಇಟ್ಟುಕೊಂಡಿತು. ಈಗ ಉಳಿದದ್ದು 91ರಿಂದ ಆರಂಭವಾಗುವ ಹತ್ತಂಕಿಯ ಸಾಲು. ಭಾರತದಲ್ಲಿ 91ರಿಂದ ಆರಂಭವಾಗುವ ನಿಜವಾದ ಮೊಬೈಲ್ ಸಂಖ್ಯೆಗಳೂ ಇವೆ. ಆದ್ದರಿಂದ ನೋಡುವವರಿಗೆ ಅದರಲ್ಲಿ ಏನೂ ಕೊರತೆ ಕಾಣದು. ಹಿಂದಿಯಲ್ಲಿ ಉತ್ತರಿಸಿದ ಅಪರಿಚಿತರು ದೊರೆತದ್ದು ಹೀಗೆ.

ಈ ಎರಡು ತಪ್ಪುಗಳ ನಡುವಿನ ವ್ಯತ್ಯಾಸವನ್ನು ಚೆನ್ನಾಗಿ ಮನನ ಮಾಡಿರಿ. ಪರೀಕ್ಷೆಯಲ್ಲಿ ನಾನು ಕೇಳದಿದ್ದರೂ ಸರಿ. ಮೊದಲನೆಯದು ಸೊನ್ನೆಯಿಂದ ಆರಂಭವಾಗುವ ಹತ್ತಂಕಿ. ಸೊನ್ನೆಯಿದ್ದರೆ ಹನ್ನೊಂದು ಇರಬೇಕು. ಆದ್ದರಿಂದ ಅದು ತಾನು ತ್ರುಟಿತವೆಂದು ತಾನೇ ಸಾರುತ್ತದೆ. ಎರಡನೆಯದು ಕೆಟ್ಟಿದ್ದರೂ ಸುಸಂಬದ್ಧವಾಗಿ ಕಾಣುತ್ತದೆ. ಹಸ್ತಪ್ರತಿಗಳಲ್ಲಿಯೂ ಹೀಗೆಯೇ ಅಲ್ಲವೆ? ಅರ್ಥವರಿಯದೆ ಕಂಡದ್ದನ್ನು ಕಂಡಂತೆ ಗೀಚಿದ ಲಿಪಿಕಾರನ ಪ್ರತಿಯಿಂದ ಮೂಲಪಾಠವನ್ನು ಊಹಿಸಬಹುದು. ಅರ್ಧ ತಿಳಿದವನು ತನಗೆ ಹೊಳೆದಂತೆ ತಿದ್ದಿ, ಛಂದಸ್ಸಿಗೂ ಅರ್ಥಕ್ಕೂ ಹೊಂದಿಸಿ ಇಟ್ಟಿದ್ದರೆ, ಅಲ್ಲಿ ಒಂದು ಪಾಠ ಕಳೆದುಹೋಗಿದೆಯೆಂಬ ಸಂಶಯವೂ ಓದುಗನಿಗೆ ಬಾರದು. ನಮ್ಮ ಆ್ಯಪ್ ಇಂಥ ಅರ್ಧಪಂಡಿತ ಲಿಪಿಕಾರ. ಅದಕ್ಕೆ ಅರ್ಧ ಪಾಂಡಿತ್ಯವನ್ನು ಕಲಿಸಿದವನು ನಾನು.

ಸರಿಯಾದ ಕ್ರಮವೇನು? 91 ಎಂಬುದು ದೇಶದ ಸಂಕೇತವೋ ಸಂಖ್ಯೆಯ ಭಾಗವೋ ಎಂಬುದನ್ನು ಮೊದಲೆರಡು ಅಂಕಿ ನೋಡಿ ನಿರ್ಣಯಿಸಲಾಗದು. ಇಡೀ ಸಾಲಿನ ಉದ್ದವನ್ನು ನೋಡಬೇಕು. ಒಟ್ಟು ಹತ್ತಿದ್ದರೆ 91 ಸಂಖ್ಯೆಯದೇ ಭಾಗ. ಹನ್ನೆರಡಿದ್ದರೆ, ಅಥವಾ ಮುಂದೆ ಕೂಡುಚಿಹ್ನೆಯೋ 00 ಎಂಬ ಹೊರದೇಶದ ಕರೆಯ ಗುರುತೋ ಇದ್ದರೆ, ದೇಶದ ಸಂಕೇತ. ಆದ್ದರಿಂದಲೇ ಚೌಕ ಹತ್ತಕ್ಕೆ ಕತ್ತರಿಸಬಾರದು. ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡು, ಆಮೇಲೆ ವಿಚಾರಿಸಬೇಕು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಇ.164 ಎಂಬ ಶಿಫಾರಸಿನ ಪ್ರಕಾರ ದೇಶದ ಸಂಕೇತವೂ ಸೇರಿ ಜಗತ್ತಿನ ಯಾವ ದೂರವಾಣಿ ಸಂಖ್ಯೆಯೂ ಹದಿನೈದು ಅಂಕಿಗಳನ್ನು ಮೀರುವುದಿಲ್ಲ. ಕಾಯ್ದಿಡಲು ಒಪ್ಪಿತವಾದ ರೂಪವೂ ಅದರದೇ: ಕೂಡುಚಿಹ್ನೆ, ದೇಶದ ಸಂಕೇತ, ಬಳಿಕ ಸಂಖ್ಯೆ, ನಡುವೆ ಯಾವ ತೆರಪೂ ಇಲ್ಲ. ಇದನ್ನೆಲ್ಲ ನಾವೇ ಹೊಸದಾಗಿ ಮಾಡಬೇಕಾಗಿಯೂ ಇಲ್ಲ. ಗೂಗಲ್ ಸಂಸ್ಥೆ ಎಲ್ಲರ ಬಳಕೆಗೆ ಬಿಟ್ಟಿರುವ ಲಿಬ್‌ಫೋನ್‌ನಂಬರ್ ಎಂಬ ತಂತ್ರಾಂಶ ಭಂಡಾರ ಈ ನಿಯಮಗಳನ್ನು ದೇಶದೇಶಗಳಿಗೆ ಅನುಗುಣವಾಗಿ ಒಳಗೊಂಡಿದೆ. ಒಂದು ಸಾಲು ಸಂಖ್ಯೆಯಾಗಿರಲು ಉದ್ದದ ದೃಷ್ಟಿಯಿಂದ ಸಾಧ್ಯವೇ ಎಂಬುದನ್ನೂ, ಆ ದೇಶದ ಕ್ರಮಕ್ಕೆ ಹೊಂದುತ್ತದೆಯೇ ಎಂಬುದನ್ನೂ ಅದು ಬೇರೆಬೇರೆಯಾಗಿ ಹೇಳುತ್ತದೆ. ನನಗೆ ಅದರಲ್ಲಿ ಬಹಳ ಹಿಡಿಸಿದುದು ಇನ್ನೊಂದು: ಬಳಕೆದಾರ ಬರೆದುದನ್ನು ಬರೆದಂತೆಯೇ ಪಕ್ಕದಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆ. ಸಂಪಾದಿತ ಪಾಠ ಮೇಲೆ, ಪ್ರತಿಯ ಪಾಠ ಅಡಿಯಲ್ಲಿ. ನಮ್ಮ ಆ್ಯಪ್‌ನಲ್ಲಿ ಆ ಅಡಿಟಿಪ್ಪಣಿ ಇದ್ದಿದ್ದರೆ ಸಿರುಮುಗೈಯವರು ಕಳೆದುಹೋಗುತ್ತಿರಲಿಲ್ಲ.

ಬರೆಯುತ್ತಿರುವಾಗಲೇ ತಿದ್ದುವ ಚಪಲದ ಬಗೆಗೂ ಹೇಳಬೇಕು. ಐದನೆಯ ಅಂಕಿ ಬೀಳುತ್ತಲೇ ಕೆಲವು ಆ್ಯಪ್‌ಗಳು ತಾವಾಗಿ ತೆರಪು ಸೇರಿಸುತ್ತವೆ. ನೇರವಾಗಿ ಒತ್ತಿಕೊಂಡು ಹೋಗುವವರಿಗೆ ಅದು ಹಿತ. ಆದರೆ ಮೂರನೆಯ ಅಂಕಿ ತಪ್ಪಿತೆಂದು ಹಿಂದೆ ಬಂದು ತಿದ್ದಿದಾಗ, ಆ್ಯಪ್ ಇಡೀ ಸಾಲನ್ನು ಮತ್ತೆ ಬರೆದು ಕರ್ಸರನ್ನು ಕೊನೆಗೆ ಹಾರಿಸಿಬಿಡುತ್ತದೆ. ಅದನ್ನು ಗಮನಿಸದೆ ಮುಂದಿನ ಅಂಕಿಯನ್ನು ಅಳಿಸಿದವರು ಸರಿಯಿದ್ದ ಕೊನೆಯ ಅಂಕಿಯನ್ನು ಕಳೆದುಕೊಳ್ಳುತ್ತಾರೆ. ಕರ್ಸರ್ ಎಷ್ಟನೆಯ ಅಂಕಿಯ ಬಳಿ ಇತ್ತೆಂದು ತೆರಪುಗಳನ್ನು ಬಿಟ್ಟು ಎಣಿಸಿಟ್ಟುಕೊಂಡು, ಮತ್ತೆ ಅಲ್ಲಿಯೇ ನಿಲ್ಲಿಸುವುದು ಆ್ಯಪ್ ಬರೆಯುವವರ ಹೊಣೆ. ಅದು ಆಗದಿದ್ದರೆ, ಬರೆದು ಮುಗಿಸಿ ಮುಂದಿನ ಚೌಕಕ್ಕೆ ಹೋಗುವವರೆಗೆ ಸುಮ್ಮನಿರುವುದೇ ಮೇಲು.

ಇಷ್ಟು ಕಣ್ಣಿನ ವಿಷಯ. ಕಿವಿಯ ವಿಷಯದಲ್ಲಿ ನನಗೆ ಸ್ವಂತದ ಕಹಿ ಅನುಭವವಿದೆ. ಗಡಿಯ ಊರಿನಲ್ಲಿ ಮರಾಠಿ ಮತ್ತು ಕನ್ನಡ ಎರಡೂ ಮಾಧ್ಯಮಗಳಲ್ಲಿ ಕಲಿತವನು ನಾನು. ಮಗ್ಗಿಯೂ ಲೆಕ್ಕವೂ ಮರಾಠಿಯಲ್ಲಿ, ವ್ಯಾಕರಣ ಕನ್ನಡದಲ್ಲಿ. ಕನ್ನಡದಲ್ಲಿ 43ಕ್ಕೆ ನಲವತ್ತಮೂರು: ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಮರಾಠಿಯಲ್ಲಿ ಅದು ತ್ರೇಚಾಳೀಸ: ಮೂರು ಮೊದಲು, ನಲವತ್ತು ಆಮೇಲೆ. ನನ್ನ ಸೋದರಮಾವ ಸಂಖ್ಯೆಯನ್ನು ಜೋಡಿಜೋಡಿಯಾಗಿ ಹೇಳುತ್ತಿದ್ದರು. ‘ತ್ರೇ’ ಎಂಬುದು ಕಿವಿಗೆ ಬೀಳುತ್ತಲೇ ನನ್ನ ಬೆರಳು 3ನ್ನು ಒತ್ತಿರುತ್ತಿತ್ತು. ಅಜ್ಜಿಯ ಅನಾರೋಗ್ಯದ ಸುದ್ದಿ ತಿಳಿಸಬೇಕಾಗಿದ್ದ ರಾತ್ರಿ ಹೀಗೆ 43ರ ಬದಲು 34 ಬರೆದುಕೊಂಡು ಬೇರೆ ಯಾರದೋ ಮನೆಯವರನ್ನು ಮೂರು ಬಾರಿ ಎಬ್ಬಿಸಿದೆ. 39 ಇನ್ನೂ ಸೊಗಸು: ಏಕೋಣಚಾಳೀಸ, ಒಂದು ಕಡಿಮೆ ನಲವತ್ತು, ಆ ಹೆಸರಿನಲ್ಲಿ ಮೂರೂ ಇಲ್ಲ, ಒಂಬತ್ತೂ ಇಲ್ಲ. ಮಹಾರಾಷ್ಟ್ರದಲ್ಲಿ 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕ ಸಂಖ್ಯೆಗಳನ್ನು ಹತ್ತು ಮೊದಲು, ಬಿಡಿ ಆಮೇಲೆ ಎಂಬ ಕ್ರಮದಲ್ಲಿಯೂ ಹೇಳಿಕೊಟ್ಟಾಗ ದೊಡ್ಡ ವಾದವೇ ಎದ್ದಿತು. ಗಣಿತ ಸಮಿತಿಯ ಮುಖ್ಯಸ್ಥೆ ಮಂಗಲಾ ನಾರಳೀಕರರು ದಕ್ಷಿಣದ ಭಾಷೆಗಳ ಕ್ರಮವನ್ನು ಎತ್ತಿ ತೋರಿಸಿದ್ದರು. ನಾನು ಅವರ ಪಕ್ಷ; ಆದರೆ ತ್ರೇಚಾಳೀಸ ಎಂಬ ಪದ ಅಳಿಯಬಾರದೆಂಬ ಆಸೆಯೂ ನನಗಿದೆ. ಶಾಸನಪಾಠದಲ್ಲಿ ನೀವು ಕಲಿತ ಸಂಖ್ಯಾಸಂಕೇತಗಳನ್ನು ನೆನೆಯಿರಿ. ‘ಶರಗಿರಿ’ ಎಂದರೆ ಐದು, ಏಳು. ಓದಬೇಕಾದುದು ಬಲದಿಂದ ಎಡಕ್ಕೆ, 75. ಬಿಡಿಯನ್ನು ಮೊದಲು ಹೇಳುವ ಅಭ್ಯಾಸಕ್ಕೆ ಅಷ್ಟು ದೀರ್ಘವಾದ ಚರಿತ್ರೆಯಿದೆ.

ಕೊಂಗುನಾಡಿನಲ್ಲಿ ಈ ತೊಡಕಿಲ್ಲ, ಏಕೆಂದರೆ ತಮಿಳೂ ಕನ್ನಡದಂತೆಯೇ ಹತ್ತನ್ನು ಮೊದಲು ಹೇಳುತ್ತದೆ. ಅಲ್ಲಿಯದು ಬೇರೆ ತೊಡಕು. ವಕ್ತೃಗಳು ಮಾತು ಕನ್ನಡದಲ್ಲಿ ಆಡಿದರೂ ದೂರವಾಣಿ ಸಂಖ್ಯೆಯನ್ನು ಹೇಳುವಾಗ ತಮಿಳಿಗೋ ಇಂಗ್ಲಿಷಿಗೋ ಹೊರಳುತ್ತಿದ್ದರು. ಶಾಲೆಯಲ್ಲಿ ಕಲಿತ ಲೆಕ್ಕದ ಭಾಷೆ ಮನೆಮಾತಿಗಿಂತ ಬೇರೆಯಾಗಿರುವವರೆಲ್ಲ ಹೀಗೆಯೇ, ನಾನೂ ಹೀಗೆಯೇ. ತಮಿಳಿನ ತೊಂಬತ್ತು ‘ತೊಣ್ಣೂರು’. 94 ಆಡುಮಾತಿನಲ್ಲಿ ‘ತೊಣ್ಣೂತ್ತಿ ನಾಲು’. ಕನ್ನಡದ ಕಿವಿ ಅಲ್ಲಿ ನೂರನ್ನು ಕೇಳುತ್ತದೆ. ಒಬ್ಬ ವಿದ್ಯಾರ್ಥಿ ನೂರಾನಾಲ್ಕು ಎಂದು ತಿಳಿದು 104 ಎಂದೇ ಬರೆದುಕೊಂಡಿದ್ದ. ಅದೃಷ್ಟವಶಾತ್ ಭಾರತದ ಮೊಬೈಲ್ ಸಂಖ್ಯೆ 1ರಿಂದ ಆರಂಭವಾಗುವುದಿಲ್ಲವಾದ್ದರಿಂದ ಅಲ್ಲಿ ತಪ್ಪು ತಾನೇ ಬಯಲಾಯಿತು.

ಕೊನೆಯದಾಗಿ ಲಿಪಿ. ನಿಮ್ಮಲ್ಲಿ ಒಬ್ಬರು ಅಭಿಮಾನದಿಂದ ಕನ್ನಡ ಅಂಕಿಗಳಲ್ಲಿಯೇ ಸಂಖ್ಯೆ ದಾಖಲಿಸಿದ್ದಿರಿ. 0ಯಿಂದ 9ರ ವರೆಗಿನ ಅಂಕಿಗಳನ್ನು ಬಿಟ್ಟು ಉಳಿದುದನ್ನೆಲ್ಲ ಕಸವೆಂದು ತಿಳಿದ ನಮ್ಮ ಆ್ಯಪ್ ೯, ೪, ೩ಗಳನ್ನೂ ಗುಡಿಸಿಹಾಕಿತು. ಚೌಕ ಬರಿದಾಗಿ ಉಳಿಯಿತು. ಕನ್ನಡ ಅಂಕಿಗಳನ್ನು ಅಂಕಿಗಳೆಂದೇ ಯುನಿಕೋಡ್ ಗುರುತಿಸುತ್ತದೆ. ಅವುಗಳನ್ನು ಅನುಗುಣವಾದ ಅಂಕಿಗೆ ಬದಲಿಸಿಕೊಳ್ಳುವುದು ಕಠಿನವಲ್ಲ. ಆದರೆ ಒಂದು ಸೂಕ್ಷ್ಮವಿದೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ರೂಪದಲ್ಲಿ ಒಂದೇ, ಯುನಿಕೋಡ್‌ನಲ್ಲಿ ಬೇರೆಬೇರೆ ಸ್ಥಾನದವು. ಅವಸರದಲ್ಲಿ ‘ಬಂತು’ ಎಂಬಲ್ಲಿ ಸೊನ್ನೆಯನ್ನು ಒತ್ತುವವರಿರುವಂತೆ, ಸಂಖ್ಯೆಯಲ್ಲಿ ಸೊನ್ನೆಯ ಜಾಗಕ್ಕೆ ಅನುಸ್ವಾರ ಒತ್ತುವವರೂ ಇದ್ದಾರೆ. ಅಂಕಿಗಳ ನಡುವೆ ಅನುಸ್ವಾರ ಕಂಡರೆ ಆ್ಯಪ್ ಏನು ಮಾಡಬೇಕು? ಸದ್ದಿಲ್ಲದೆ ಸೊನ್ನೆಯಾಗಿಸಬಹುದು, ಅಥವಾ ತೋರಿಸಿ, ಕೇಳಿ, ಆಮೇಲೆ ತಿದ್ದಬಹುದು. ನಾನು ಎರಡನೆಯದನ್ನೇ ಒಪ್ಪುತ್ತೇನೆ. ನಿಮಗೆ ಬೇರೆ ಅಭಿಪ್ರಾಯವಿದ್ದರೆ ತರಗತಿಯಲ್ಲಿ ವಾದಿಸಿರಿ.

ಮುಂದಿನ ವಾರಕ್ಕೆ ಅಭ್ಯಾಸ: ಸೊನ್ನೆಯಿಂದ ಆರಂಭವಾಗಿ ಹನ್ನೊಂದು ಅಂಕಿಗಳಿದ್ದು ಎರಡನೆಯದು 9 ಆಗಿರುವ ನಮೂದು, 04252ರ ಮುಂದೆ ಐದೇ ಅಂಕಿಗಳಿರುವ ನಮೂದು, 91ರಿಂದ ಆರಂಭವಾಗುವ ಹತ್ತಂಕಿಯದು, ಅದೇ 91ರ ಹನ್ನೆರಡು ಅಂಕಿಯದು, 0422 ಇಲ್ಲದೆ ಬರಿಯ ಏಳು ಅಂಕಿಗಳಿದ್ದು, ವಿಳಾಸದಲ್ಲಿ ಕೊಯಮತ್ತೂರು ಎಂದಿರುವುದು. ಇವುಗಳಲ್ಲಿ ಯಾವುದನ್ನು ಪದವಿಭಾಗ ಮಾತ್ರ ಮಾಡಿ ಬಿಡಬಹುದು, ಯಾವುದನ್ನು ಊಹಿಸಿ ಪೂರ್ಣಗೊಳಿಸಬಹುದು, ಯಾವುದರ ಮುಂದೆ ತ್ರುಟಿತವೆಂದು ಗುರುತು ಹಾಕಬೇಕು ಎಂಬುದನ್ನು ಕಾರಣಸಹಿತ ಬರೆದು ತನ್ನಿರಿ.

ನೆಗಮಂ ಕಡೆಯ ಹಿರಿಯರ ವಿಷಯ ಹೇಳಲಿಲ್ಲ. ಕಳೆದುಹೋದುದು ಕೊನೆಯ ಒಂದೇ ಅಂಕಿಯಾದ್ದರಿಂದ ಸಾಧ್ಯತೆಗಳು ಹತ್ತು. ಸೊನ್ನೆಯಿಂದ ಆರಂಭಿಸಿ ಒಂದೊಂದಾಗಿ ಕರೆ ಮಾಡುತ್ತ ಹೋದೆವು, ಪ್ರತಿಯೊಬ್ಬರ ಕ್ಷಮೆ ಕೇಳುತ್ತ. ಏಳನೆಯ ಕರೆಗೆ ಅವರೇ ದೊರೆತರು. ಪದವನ್ನು ಎರಡು ಬಾರಿ ಹೇಳಿ, ಸ್ವರ ದೀರ್ಘವೆಂದು ಖಚಿತಪಡಿಸಿದರು, ಪಟ್ಟಿಯಲ್ಲಿ ತಿದ್ದಿದ್ದೇವೆ. ಸಿರುಮುಗೈಯವರ ಸಂಖ್ಯೆಯಲ್ಲಿ ಹೋದುದು ಎರಡು ಅಂಕಿಗಳು, ಸಾಧ್ಯತೆಗಳು ನೂರು. ನೂರು ಮಂದಿ ಅಪರಿಚಿತರನ್ನು ಕಾಡುವುದು ಸಲ್ಲದು. ಅವರಿಂದ ಕೇಳಬೇಕಾದ ಹನ್ನೊಂದು ಪದಗಳು ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಡನೆ ಹಾಗೆಯೇ ಇವೆ. ರಜೆಯಲ್ಲಿ ಯಾರಾದರೂ ಇಬ್ಬರು ನನ್ನೊಡನೆ ಸಿರುಮುಗೈಗೆ ಬರುವುದಾದರೆ ವಿಭಾಗದಲ್ಲಿ ಹೆಸರು ಕೊಡಿರಿ.